ನಡುಹೊಳೆಯಲ್ಲಿ ಒಂದು ತಾಸು

ಕಾಳಿ ಹೊಳೆಗೆ ಸೇತುವೆ ಎಂಬುದು ಯಾರ ಕನಸಿನಲ್ಲೂ ಇಲ್ಲದ ಕಾಲ. ಕೋಡಿಬಾಗದ ದಂಡೆಯ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು "ತಾರೀ..." ಎಂದು ಕೂಗಿದರೆ ಆಚೆ ಸದಾಶಿವಗಡದ ದಂಡೆಯಿಂದ ದೋಣಿ ಹೊರಡುತ್ತಿತ್ತು. ಅದು ಬಂದು ಮುಟ್ಟುವುದರೊಳಗೆ ಒಂದು ಕವಳ ಹಾಕಿ, ಅಗಿದು, ಉಗಿದು, ಪಕ್ಕದಲ್ಲಿ ನಿಂತವರ ಮನೆಯ ಮದುವೆ, ಬಾಣಂತನ, ಹಿಸ್ಸೆಯ ಜಗಳ ಎಲ್ಲ ವಿಚಾರಿಸಿ ಮುಗಿಸಬಹುದಾಗಿತ್ತು. ಯಾರಿಗೂ ಅವಸರವಿರಲಿಲ್ಲ. ಇದ್ದದ್ದು ಸರಕಾರಿ ಸಾಹೇಬರಿಗೆ ಮಾತ್ರ, ಅವರಿಗೂ ಯಾಕೆ ಅವಸರ ಎಂಬುದು ಸರಿಯಾಗಿ ಗೊತ್ತಿರಲಿಲ್ಲ.

ಅಂಥ ತಾರಿಯ ಮೇಲೆ ಹುಟ್ಟು ಹಾಕುವ ಕೆಲಸಕ್ಕೆ ಅಂಕೋಲೆ ಕಡೆಯ ಶೆಟಗೇರಿಯಿಂದ ಹುಲಿಯಾ ಎಂಬವನು ಬಂದ. ಗದ್ದೆ ಕೊಯ್ಲು ಮುಗಿದಿತ್ತು, ಬೇಸಿಗೆಯಲ್ಲಿ ಊರಲ್ಲಿ ಕೂಲಿ ಇರಲಿಲ್ಲ. ಅವನ ಹೆಂಡತಿ ಸೋಮಿಯ ಸೋದರಮಾವ ಬೊಮ್ಮ ಮೀಸೆ ಮೂಡುವ ಮೊದಲೇ ಕೋಡಿಬಾಗಕ್ಕೆ ಬಂದು ಈ ತಾರಿಯಲ್ಲೇ ಮುದುಕನಾದವನು. ತನ್ನ ಜೊತೆಗೆ ಹುಟ್ಟು ಹಾಕುತ್ತಿದ್ದವನು ಗೋವೆಗೆ ಓಡಿಹೋದ ಕಾರಣ ಜಾಗ ಖಾಲಿಯಿದೆ, ಬಾ ಎಂದು ಹೇಳಿ ಕಳಿಸಿದ್ದ. ತಾರಿಯ ಗುತ್ತಿಗೆ ದತ್ತಾಶೇಟರದು. ಆದರೆ ಗುತ್ತಿಗೆ ಕೊಟ್ಟದ್ದು ಸರಕಾರ. ಆದ್ದರಿಂದ ಹುಲಿಯಾ ಊರು ಬಿಡುವಾಗ ತನಗೆ ಸರಕಾರಿ ನೌಕರಿ ಸಿಕ್ಕಿದೆ ಎಂದು ಶೆಟಗೇರಿಯ ಮನೆಮನೆಗೂ ಹೇಳಿ ಬಂದಿದ್ದ. ಹೇಳಿ ಹೇಳಿ ಕೋಡಿಬಾಗ ಮುಟ್ಟುವ ಹೊತ್ತಿಗೆ ತಾನೂ ನಂಬಿದ್ದ.

ಕಾಯ್ದೆಗೆ ಹೆದರುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಕೆಲವು ವರ್ಷದ ಹಿಂದೆ ಅಂಕೋಲೆಯಲ್ಲಿ ಉಪ್ಪು ಮಾಡಿದವರನ್ನು ಪೋಲೀಸರು ಎಳೆದುಕೊಂಡು ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಸಮುದ್ರದ ನೀರು, ಸೂರ್ಯನ ಬಿಸಿಲು, ನಡುವೆ ಒಂದು ಮಣ್ಣಿನ ಗಡಿಗೆ. ಇದರಲ್ಲಿ ಗುನ್ಹೆ ಎಲ್ಲಿ ಹೊಕ್ಕಿತು ಎಂದು ಎಷ್ಟು ಯೋಚಿಸಿದರೂ ಅವನಿಗೆ ಹೊಳೆದಿರಲಿಲ್ಲ. ಪೋಲೀಸರು ಕೆಲವೊಮ್ಮೆ ಗಿರಾಕಿಯ ವೇಷದಲ್ಲಿ ಬಂದು, ಉಪ್ಪಿದೆಯಾ ಎಂದು ಮೆತ್ತಗೆ ಕೇಳಿ, ಇದೆ ಎಂದವನ ರಟ್ಟೆ ಹಿಡಿಯುತ್ತಾರೆ ಎಂದೂ ಊರಲ್ಲಿ ಹೇಳುತ್ತಿದ್ದರು. ಅಂದಿನಿಂದ ಹುಲಿಯಾ ಒಂದು ತೀರ್ಮಾನಕ್ಕೆ ಬಂದಿದ್ದ: ಸರಕಾರಕ್ಕೆ ಯಾವುದು ಗುನ್ಹೆ, ಯಾವುದು ಅಲ್ಲ ಎಂಬುದು ಬುದ್ಧಿಯಿಂದ ತಿಳಿಯುವಂಥದ್ದಲ್ಲ, ಕೇಳಿ ತಿಳಿದುಕೊಂಡು ಹಾಗೇ ನಡೆಯಬೇಕು.

ಕೆಲಸಕ್ಕೆ ನಿಲ್ಲುವ ಹಿಂದಿನ ಸಂಜೆ ಅವನು ದಂಡೆಯ ಚಾದಂಗಡಿಗೆ ಹೋದ. ಅಲ್ಲಿ ವಕೀಲರೊಬ್ಬರ ಕಾರಕೂನ ಮಾಬ್ಲ ದಿನವೂ ಮುಂಬಯಿಯ ಮರಾಠಿ ಪೇಪರು ಹಿಡಿದು, ಓದುತ್ತ ಓದುತ್ತಲೇ ಕನ್ನಡ ಮಾಡಿ ಹೇಳುತ್ತಿದ್ದ. ಅದಕ್ಕೆ ಅಂಗಡಿಯವನು ಅವನಿಗೆ ಚಾ ಪುಕ್ಕಟೆ ಕೊಡುತ್ತಿದ್ದ. ಅಂದು ಪೇಪರಿನಲ್ಲಿ ಗಿರಣಿ ಕೆಲಸಗಾರರಿಗಾಗಿ ಸರಕಾರ ಮಾಡಿದ ಹೊಸ ಕಾಯ್ದೆಯ ವಿಷಯ ಬಂದಿತ್ತು. ಮಾಬ್ಲ ಕನ್ನಡಕ ಏರಿಸಿ, ಕೋರ್ಟಿನ ಕನ್ನಡದಲ್ಲಿ ಹೇಳಿದ:

"ಕೆಲಸಗಾರರು ಸತತ ಕೆಲಸ ಮಾಡತಕ್ಕದ್ದಲ್ಲ. ನಡುವೆ ಒಂದು ತಾಸು ವಿಶ್ರಾಂತಿ ತೆಗೆದುಕೊಳ್ಳತಕ್ಕದ್ದು. ತಪ್ಪಿದಲ್ಲಿ ದಂಡ."

ಹುಲಿಯಾ ಬಶಿಯನ್ನು ಕೆಳಗಿಟ್ಟ. ಮೂಲೆಯಿಂದಲೇ ಕೇಳಿದ: "ದಂಡ ಯಾರಿಗೆ ಒಡ್ಯಾ?"

ಮಾಬ್ಲನ ಚಾ ಆರುತ್ತಿತ್ತು. "ತಪ್ಪಿದವರಿಗೆ," ಎಂದು ಹೇಳಿ ಅವನು ಬಶಿಗೆ ಬಾಯಿಟ್ಟ. ಲೋಕದಲ್ಲಿ ಎಷ್ಟೋ ಅನರ್ಥಗಳು ಹೀಗೆ ಚಾ ಆರುವ ಹೊತ್ತಿಗೇ ಆಗಿವೆ.

ಆ ರಾತ್ರಿ ಗುಡಿಸಲಲ್ಲಿ ಹುಲಿಯಾ ವಿಷಯವನ್ನೆಲ್ಲ ಬೊಮ್ಮನಿಗೆ ಹೇಳಿದ. ವಿಶ್ರಾಂತಿ ಯಾವಾಗ ತೆಗೆದುಕೊಳ್ಳಬೇಕು ಎಂದು ಇಬ್ಬರೂ ಚರ್ಚೆ ಮಾಡಿ, ನಡುವೆ ಎಂದರೆ ನಡುಹಗಲು, ಇಗರ್ಜಿಯಲ್ಲಿ ಹನ್ನೆರಡರ ಗಂಟೆ ಬಾರಿಸುವ ಹೊತ್ತು ಎಂದು ಗೊತ್ತುಮಾಡಿಕೊಂಡರು. ಬೊಮ್ಮನಿಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು. ಇಷ್ಟು ವರ್ಷ ಒಂದು ದಿನವೂ ಮಧ್ಯಾಹ್ನ ಹುಟ್ಟು ಕೆಳಗಿಟ್ಟವನಲ್ಲ. ಗಂಜಿಯನ್ನೂ ಒಂದು ಕೈಯಲ್ಲಿ ಹುಟ್ಟು ಹಿಡಿದೇ ಕುಡಿದವನು. ಹಿಂದಿನ ಗುನ್ಹೆಗಳನ್ನೆಲ್ಲ ಸರಕಾರ ಈಗ ಎತ್ತಿ ಕೇಳಿದರೆ ತನ್ನ ಉಳಿದ ಆಯುಷ್ಯ ತುರುಂಗದಲ್ಲೇ ಎಂದು ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಮರುದಿನ ಬೆಳಗಿನಿಂದ ಕೆಲಸ ಚಂದವಾಗಿಯೇ ನಡೆಯಿತು. ಗದ್ದೆಯಲ್ಲಿ ನೇಗಿಲು ಹಿಡಿದ ರಟ್ಟೆಗೆ ಹುಟ್ಟು ಭಾರವಾಗಲಿಲ್ಲ. ದತ್ತಾಶೇಟರು ದಂಡೆಯ ಹೊನ್ನೆ ಮರದ ಬುಡದಲ್ಲಿ ಕೂತು, ಆಳು ಅಡ್ಡಿಯಿಲ್ಲ ಎಂದು ನಾಲ್ಕು ಜನರೆದುರು ಹೇಳಿದರು. ಹೊತ್ತು ನೆತ್ತಿಗೆ ಬರುವಾಗ ದೋಣಿ ಸದಾಶಿವಗಡದ ದಂಡೆಯಲ್ಲಿತ್ತು. ಅಲ್ಲಿ ಐದಾರು ಜನ ಹತ್ತಿದರು. ಅವರಲ್ಲಿ ಒಬ್ಬಳು ಕಮಲಿ, ವಾರವೂ ಕಾರವಾರದ ಪೇಟೆಗೆ ಕಲ್ಲಂಗಡಿ ಮಾರಲು ಹೋಗುವವಳು, ದೊಡ್ಡ ಬಾಯಿಯ ಗಟ್ಟಿ ಹೆಂಗಸು. ಇನ್ನೊಬ್ಬರು ಸಾಕ್ಷಾತ್ ತಾಲೂಕಿನ ಮಾಮ್ಲೇದಾರ ವೆಂಕೋಬರಾಯರು.

ವೆಂಕೋಬರಾಯರು ಧಾರವಾಡದಿಂದ ಹೊಸದಾಗಿ ವರ್ಗವಾಗಿ ಬಂದವರು. ಬಯಲುಸೀಮೆಯ ಜೀವ, ನೀರನ್ನು ತಂಬಿಗೆಯಲ್ಲಿ ಕಂಡರೆ ಸಮಾಧಾನ, ಹೊಳೆಯಲ್ಲಿ ಕಂಡರೆ ಎದೆಬಡಿತ. ಆಚೆ ದಂಡೆಯ ಜಮೀನಿನ ತಂಟೆಯೊಂದನ್ನು ನೋಡಿ, ಕಪ್ಪು ಕೋಟು, ಜರಿ ರುಮಾಲಿನ ಒಳಗೆ ಬೆಂದು ಬಂದಿದ್ದರು. ದೋಣಿಯ ನಟ್ಟ ನಡುವೆ ಕೂತು ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡರು.

ದೋಣಿ ನಡುಹೊಳೆ ಮುಟ್ಟಿತ್ತು. ಇಳಿತದ ನೀರು ಸಮುದ್ರದ ಕಡೆ ಸರಸರನೆ ಹರಿಯುತ್ತಿತ್ತು. ಆಗ ಇಗರ್ಜಿಯ ಗಂಟೆ ಬಾರಿಸಿತು.

ಹುಲಿಯಾ ಹುಟ್ಟನ್ನು ನೀರಿನಿಂದ ಎತ್ತಿ ಜೋಪಾನವಾಗಿ ಒಳಗಿಟ್ಟ. ಹೆಗಲ ಕಂಬಳಿ ಹಾಸಿದ. ಪೂರ್ವಕ್ಕೆ ತಲೆ ಬರುವಂತೆ ನೋಡಿಕೊಂಡು ಮಲಗಿದ. ಇನ್ನೊಂದು ತುದಿಯಲ್ಲಿ ಬೊಮ್ಮನೂ ಹಾಗೆಯೇ ಮಲಗಿ, ಸರಕಾರಕ್ಕೆ ಸಂಶಯ ಬಾರದಿರಲೆಂದು ಕಣ್ಣನ್ನು ಗಟ್ಟಿಯಾಗಿ ಹಿಂಡಿ ಮುಚ್ಚಿದ. ದೋಣಿ ಒಮ್ಮೆ ಯೋಚಿಸಿದಂತೆ ನಿಂತು, ಮೂತಿ ತಿರುಗಿಸಿ, ಅರಬೀ ಸಮುದ್ರದ ಕಡೆ ಹೊರಟಿತು.

ಮೊದಲು ಜನ ಏನೋ ಪೂಜೆ ಇರಬೇಕು ಎಂದುಕೊಂಡರು. ಆಮೇಲೆ ಕಮಲಿ ಹುಲಿಯಾನ ಕಾಲಿಗೆ ತಿವಿದು ನೋಡಿದಳು. ಕಾಲು ಬೆಚ್ಚಗಿತ್ತು. ಮಾಮ್ಲೇದಾರರು ಹಲಗೆ ಬಿಡದೆ ಗದರಿಸಿದರು:

"ಏನಲೇ, ಮಕ್ಕೊಂಡಿಯಲ್ಲ? ನಾ ಯಾರಂತ ಗೊತ್ತದನ? ಮಾಮ್ಲೇದಾರ ಇದ್ದೀನಿ. ಏಳು, ಹುಟ್ಟು ಹಾಕು."

ಮಾಮ್ಲೇದಾರ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಹುಲಿಯಾನಿಗೆ ಎಲ್ಲ ತಿಳಿದುಹೋಯಿತು. ಇದು ಅದೇ, ಉಪ್ಪು ಇದೆಯಾ ಎಂದು ಮೆತ್ತಗೆ ಕೇಳುವ ಉಪಾಯ. ಮೊದಲ ದಿನವೇ ಪರೀಕ್ಷೆಗೆ ಬಂದಿದ್ದಾರೆ. ಅವನು ಮಲಗಿದಲ್ಲೇ ಕೈ ಮುಗಿದು ಹೇಳಿದ:

"ನಿಮ್ಮ ಎದುರಿಗೇ ಕಾಯ್ದೆ ಮುರೂಕೆ ಆತದ್ಯೇ ಒಡ್ಯಾ? ನೀವು ಎಷ್ಟು ಹೇಳದ್ರೂ ನಾ ಏಳೂದಿಲ್ಲ."

ರಾಯರು ಹೆದರಿಸಿದರು. ಅವನು ಕಣ್ಣು ಮುಚ್ಚಿದ. ಜೇಲಿಗೆ ಹಾಕುತ್ತೇನೆ ಎಂದರು. ಜೇಲು ತಪ್ಪಿಸಿಕೊಳ್ಳಲೆಂದೇ ಮಲಗಿದವನು ಇನ್ನಷ್ಟು ಗಟ್ಟಿಯಾಗಿ ಮುಚ್ಚಿದ. ಕೊನೆಗೆ ಸಮುದ್ರದ ತೆರೆಯ ಸದ್ದು ಹತ್ತಿರವಾದಾಗ ರಾಯರು ಗದರುವುದು ಬಿಟ್ಟು ಬೇಡಿಕೊಳ್ಳತೊಡಗಿದರು. ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಮಗಳು ಇದ್ದಾರೆ ಎಂದರು. ಅವರ ದನಿಯೊಳಗಿನ ಅಳು ಕೇಳಿ ಹುಲಿಯಾನಿಗೆ ಪಾಪ ಅನಿಸಿತು. ಸರಕಾರ ಎಷ್ಟು ಚೆನ್ನಾಗಿ ನಾಟಕ ಕಲಿಸಿ ಕಳಿಸಿದೆ ಎಂದು ಆಶ್ಚರ್ಯವೂ ಆಯಿತು.

ಇನ್ನು ಇವರನ್ನು ನಂಬಿದರೆ ಗೋವೆಗಲ್ಲ, ಅರಬರ ಮಕ್ಕೆಗೇ ಹೋಗಿ ಮುಟ್ಟುತ್ತೇವೆ ಎಂದು ಕಮಲಿ ಸೆರಗು ಸೊಂಟಕ್ಕೆ ಕಟ್ಟಿದಳು. ಹಿಂದಿನ ಹುಟ್ಟನ್ನು ತಾನು ಹಿಡಿದು, ಮುಂದಿನದನ್ನು ಯಾರಾದರೂ ಗಂಡಸರು ಹಿಡಿಯಲಿ ಎಂದಳು. ಉಳಿದವರಲ್ಲಿ ಒಬ್ಬ ಕುಂಟ, ಒಬ್ಬ ಆಗಷ್ಟೇ ಜ್ವರದಿಂದ ಎದ್ದವನು, ಇನ್ನಿಬ್ಬರು ಮುದುಕಿಯರು. ಹೀಗೆ ಗಂಡಸರ ಲೆಕ್ಕ ಮಾಮ್ಲೇದಾರರ ಬಳಿ ಬಂದು ನಿಂತಿತು. ಅವರು ಕೋಟು ಬಿಚ್ಚಿ, ರುಮಾಲು ತೆಗೆದು ಮುದುಕಿಯ ಮಡಿಲಲ್ಲಿಟ್ಟು, ಹುಟ್ಟು ಹಿಡಿದರು. ಲೇಖಣಿಗಿಂತ ಭಾರದ್ದನ್ನು ಅವರು ಎಳೆದದ್ದು ಅದೇ ಮೊದಲು. ಕಮಲಿ ಎಳೆಯುವಾಗ ಅವರು ತಳ್ಳಿದರು, ಕಮಲಿ ತಳ್ಳುವಾಗ ಎಳೆದರು. ದೋಣಿ ಅಲ್ಲೇ ಗಿರ್ರನೆ ತಿರುಗತೊಡಗಿತು.

"ಎಳೀರಿ ರಾವಸಾಬ, ಎಳೀರಿ. ಹಾಂಗಲ್ಲ, ದಫ್ತರ ಸರ್ಸದ ಹಾಂಗೆ ಮಾಡ್ಬೇಡಿ," ಎಂದು ಕಮಲಿ ಕಲಿಸುತ್ತಿದ್ದಳು.

ಇತ್ತ ಕೋಡಿಬಾಗದ ದಂಡೆಯಲ್ಲಿ ಜನ ಸೇರಿದರು. ಬಿಸಿಲ ಝಳದಲ್ಲಿ ಕಂಡದ್ದು ಇಷ್ಟೇ: ಅಂಬಿಗರಿಬ್ಬರೂ ಉದ್ದಕ್ಕೆ ಮಲಗಿದ್ದಾರೆ, ಮಾಮ್ಲೇದಾರರು ಬರಿದಲೆಯಲ್ಲಿ ಹುಟ್ಟು ಹಾಕುತ್ತಿದ್ದಾರೆ. ಅಂಬಿಗರು ಬಿಸಿಲು ಬಡಿದು ಸತ್ತರು ಎಂದು ಒಬ್ಬ ಹೇಳಿದ. ಚಾದಂಗಡಿಯಿಂದ ಎದ್ದು ಬಂದ ಮಾಬ್ಲ ಮಾತ್ರ ಬಹಳ ಹೊತ್ತು ನೋಡಿ, ಇದು ರಾಜೀನಾಮೆ, ಸಂಶಯವೇ ಇಲ್ಲ ಎಂದ. ಮಾಮ್ಲೇದಾರರು ಸರಕಾರಿ ಚಾಕರಿ ಬಿಟ್ಟು ಬಡವರ ಸೇವೆಗೆ ನಿಂತಿದ್ದಾರೆ, ಮೊದಲು ರುಮಾಲನ್ನೇ ತ್ಯಜಿಸಿದ್ದಾರೆ ಎಂದು ವಿವರಿಸಿದ. ಸ್ವರಾಜ್ಯದ ಚಳವಳಿಯ ಆ ದಿನಗಳಲ್ಲಿ ಇಂಥದ್ದೆಲ್ಲ ನಡೆಯುತ್ತಿತ್ತು, ಆದ್ದರಿಂದ ಜನ ನಂಬಿದರು. ಒಬ್ಬಿಬ್ಬರು ಜಯಕಾರವನ್ನೂ ಹಾಕಿದರು. ಅದು ನೀರಿನ ಮೇಲೆ ತೇಲಿ ಬಂದು ಕಿವಿಗೆ ಬಿದ್ದಾಗ ಹುಟ್ಟು ಹಿಡಿದ ರಾಯರು ತಮ್ಮ ನೌಕರಿಯ ಕತೆಯೂ ಸಮುದ್ರ ಸೇರಿತು ಎಂದುಕೊಂಡರು. ದತ್ತಾಶೇಟರು ತಲೆ ಮೇಲೆ ಕೈ ಹೊತ್ತು ಹೊನ್ನೆ ಮರದ ಬುಡದಲ್ಲಿ ಕುಸಿದರು.

ದೋಣಿ ಸಮುದ್ರಕ್ಕೆ ಹೋಗಲಿಲ್ಲ. ತಿರುಗುತ್ತ ತಿರುಗುತ್ತ ಹೊಳೆ ಸಮುದ್ರ ಸೇರುವ ಅಳಿವೆಯ ಬಳಿಯ ಮರಳುದಿಬ್ಬಕ್ಕೆ ಹೋಗಿ ಕುಂಡೆಯೂರಿ ಕೂತುಬಿಟ್ಟಿತು. ನೀರು ನೋಡನೋಡುತ್ತಲೇ ಇಳಿದು ಸುತ್ತ ಒದ್ದೆ ಮರಳು ಎದ್ದಿತು. ಎಲ್ಲರೂ ಇಳಿದರು. ರಾಯರು ಎರಡೂ ಕಾಲೂರಿ ನಿಂತು ನೆಲವನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅಷ್ಟರಲ್ಲಿ ಹುಲಿಯಾ ಎದ್ದ. ಹೊತ್ತು ನೋಡಿದ. ತಾಸು ಮುಗಿದಿತ್ತು. ಮೈ ಮುರಿದು, ಕಂಬಳಿ ಕೊಡವಿ, ಹುಟ್ಟು ಹಿಡಿದು ಮರ್ಯಾದೆಯಿಂದ ಹೇಳಿದ: "ಹತ್ತಿ ಒಡ್ಯಾ. ಹೋಗ್ವ."

ಎಲ್ಲಿಗೆ ಹೋಗುವುದು? ದೋಣಿಯ ಕೆಳಗೆ ನೀರೇ ಇರಲಿಲ್ಲ. ಕೆಲಸಗಾರ ಎದ್ದಿದ್ದ, ಈಗ ಹೊಳೆ ವಿಶ್ರಾಂತಿಗೆ ಹೋಗಿತ್ತು. ಭರತಿ ಬರುವವರೆಗೆ ಯಾರೂ ಏನೂ ಮಾಡುವಂತಿರಲಿಲ್ಲ.

ಆ ಮಧ್ಯಾಹ್ನವನ್ನು ಕಮಲಿ ಮುದುಕಿಯಾಗುವ ತನಕ ಹೇಳುತ್ತಿದ್ದಳು. ದೋಣಿಯ ನೆರಳಲ್ಲಿ ಎಲ್ಲರೂ ಒತ್ತಾಗಿ ಕೂತರಂತೆ. ಅವಳು ಕಲ್ಲಂಗಡಿಗಳನ್ನು ಮೊಣಕಾಲಿಗೆ ಕುಟ್ಟಿ ಒಡೆದು ಹಂಚಿದಳಂತೆ. ಮಾಮ್ಲೇದಾರರು ಗಲ್ಲದಿಂದ ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದು, ಬೀಜವನ್ನು ಕುಂಟನಿಗಿಂತ ದೂರ ಉಗಿಯುವ ಪಂದ್ಯದಲ್ಲಿ ಸೋತರಂತೆ. ಅಳಿವೆಯಿಂದ ತಂಪು ಗಾಳಿ ಬಂತು. ಆಚೆ ಕೂರ್ಮಗಡ ದ್ವೀಪದ ಮೇಲೆ ಒಂದು ತುಂಡು ಮೋಡ ನಿಂತಿತ್ತು. ರಾಯರು ಕೋಟು ಸುತ್ತಿ ತಲೆಗಿಟ್ಟುಕೊಂಡು ಹಾಗೇ ಅಡ್ಡಾದವರು ಗೊರಕೆ ಹೊಡೆದರು. ಕಚೇರಿಯಲ್ಲಿ ತೂಕಡಿಸುವುದು ಬೇರೆ ಮಾತು. ಹೀಗೆ ಮೈ ಚೆಲ್ಲಿ ಹಗಲಲ್ಲಿ ಮಲಗಿದ್ದು ಅವರು ಶಾಲೆ ಸೇರಿದ ಮೇಲೆ ಅದೇ ಮೊದಲಿರಬೇಕು. ಬಾಯಿ ತೆರೆದು ಮಲಗಿದ ಮಾಮ್ಲೇದಾರರನ್ನು ಹುಲಿಯಾ ಬೆರಗಿನಿಂದ ನೋಡಿದ. ಸರಕಾರವೂ ತನ್ನ ಕಾಯ್ದೆಯನ್ನು ಪಾಲಿಸುತ್ತದೆ ಎಂದು ಅವನಿಗೆ ಅಂದು ಖಾತ್ರಿಯಾಯಿತು.

ಭರತಿ ಬಂದ ಮೇಲೆ ಅವನೂ ಬೊಮ್ಮನೂ ಹೊಸ ರಟ್ಟೆ ಬಂದವರಂತೆ ಹುಟ್ಟು ಹಾಕಿ ಎಲ್ಲರನ್ನೂ ದಂಡೆ ಮುಟ್ಟಿಸಿದರು.

ಮರುದಿನ ಕಚೇರಿಗೆ ಕರೆ ಬಂತು. ದತ್ತಾಶೇಟರು ರಾತ್ರಿಯಿಡೀ ನಿದ್ದೆಯಿಲ್ಲದೆ ಬಂದಿದ್ದರು. ಸಾಹೇಬರ ಸಿಟ್ಟು ತಮ್ಮ ಗುತ್ತಿಗೆಯ ಮೇಲೆ ಬೀಳುವ ಮೊದಲೇ ಅವರು ಇಬ್ಬರನ್ನೂ ಕೆಲಸದಿಂದ ತೆಗೆಯುತ್ತೇನೆ ಎಂದುಬಿಟ್ಟರು. ಹುಟ್ಟು ಹಿಡಿದು ಹಿಡಿದು ಬೊಮ್ಮನ ಬೆರಳು ನೆಟ್ಟಗಾಗುತ್ತಿರಲಿಲ್ಲ. ಆ ಮಡಚಿದ ಬೆರಳುಗಳನ್ನೇ ನೋಡುತ್ತ ಕಂಬದ ಪಕ್ಕ ನಿಂತಿದ್ದ. ಶೆಟಗೇರಿಯಲ್ಲಿ ಅವನಿಗೆ ಈಗ ಮನೆಯಿರಲಿಲ್ಲ.

ಹುಲಿಯಾ ಮಾತ್ರ ಹೆದರಿರಲಿಲ್ಲ. ಕಾಯ್ದೆಯಂತೆ ನಡೆದವನಿಗೆ ಭಯ ಯಾಕೆ? ಪೇಪರಿನಲ್ಲಿ ಬಂದದ್ದು, ಚಾದಂಗಡಿಯಲ್ಲಿ ಕೇಳಿದ್ದು ಎಲ್ಲ ಹೇಳಿದ. ಶಿರಸ್ತೇದಾರರು ದಪ್ಪ ಪುಸ್ತಕ ತೆಗೆದು ಧೂಳು ಊದಿ ಓದಿದರು. ಓದಿ, ಈ ಕಾಯ್ದೆ ಯಂತ್ರ ಓಡುವ ಕಾರಖಾನೆಗಳಿಗೆ ಮಾತ್ರ ಎಂದರು. ದೋಣಿಗೆ ಯಂತ್ರವಿದೆಯೇ ಎಂದು ಕೇಳಿದರು. ಇಲ್ಲ ಎಂದರು ದತ್ತಾಶೇಟರು. ಹಾಗಾದರೆ ದೋಣಿಗೆ ಕಾಯ್ದೆ ಇಲ್ಲ ಎಂದು ಪುಸ್ತಕ ಮುಚ್ಚಿದರು.

ಹುಲಿಯಾ ಆ ಮುಚ್ಚಿದ ಪುಸ್ತಕವನ್ನೇ ನೋಡಿದ. ಅವನ ಮುಖ ಇಳಿದುಹೋಯಿತು.

"ಯಂತ್ರಕ್ಕೆ ಇಸ್ರಾಂತಿ ಕೊಡೂಕೆ ಮಾಡದ್ ಕಾಯ್ದೆಯೇ ಒಡ್ಯಾ ಅದು?" ಎಂದ. "ನಾ ಮನ್ಸರಿಗೆ ಅಂದ್ಕಂಡೆ. ತಪ್ಪಾಯ್ತು."

ಅವನ ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ತಪ್ಪಾಯಿತೆಂದೇ ಅವನು ಹೇಳಿದ್ದು. ವೆಂಕೋಬರಾಯರು ತಮ್ಮ ಅಂಗೈ ನೋಡಿಕೊಂಡರು. ನಿನ್ನೆ ಹುಟ್ಟು ಹಿಡಿದು ಎದ್ದ ಬೊಬ್ಬೆಗಳು ಇನ್ನೂ ಒಡೆದಿರಲಿಲ್ಲ. ಆಮೇಲೆ, ಬರೆದುಕೊಳ್ಳಿ ಎಂದು ಶಿರಸ್ತೇದಾರರಿಗೆ ಹೇಳಿದರು. ಮಧ್ಯಾಹ್ನದ ಇಳಿತದಲ್ಲಿ ಹೊಳೆಯ ಮರಳುದಿಬ್ಬಗಳಿಂದ ಪ್ರಯಾಣಿಕರಿಗೆ ಅಪಾಯವಿರುವುದು ಸ್ವಾನುಭವದಿಂದ ಕಂಡುಬಂದ ಕಾರಣ, ದಿನಾಲು ಹನ್ನೆರಡರ ಗಂಟೆಯಿಂದ ಒಂದು ತಾಸು ತಾರಿ ನಿಲ್ಲಿಸತಕ್ಕದ್ದು. ಸದರಿ ಅಪಾಯದ ಅನುಭವವುಳ್ಳ ಅಂಬಿಗರನ್ನೇ ಮುಂದುವರಿಸತಕ್ಕದ್ದು.

ಶಿರಸ್ತೇದಾರರು ಕಾರವಾರದವರು. ಲೇಖಣಿ ನಿಲ್ಲಿಸಿ, ಇಳಿತ ದಿನವೂ ಅದೇ ಹೊತ್ತಿಗೆ ಬರುವುದಿಲ್ಲ ಸಾಹೇಬರೆ ಎಂದು ಪಿಸುಗುಟ್ಟಿದರು.

"ನಮ್ಮ ಧಾರವಾಡದಾಗ ಭರತೀನೂ ಇಲ್ಲ, ಇಳಿತಾನೂ ಇಲ್ಲ," ಎಂದರು ರಾಯರು. "ಅದೆಲ್ಲ ನನಗ ಗೊತ್ತಿಲ್ಲ. ಇವತ್ತಿನ ಮಟ್ಟಿಗೆ ನಿಮಗೂ ಗೊತ್ತಿಲ್ಲ."

ಹೀಗೆ ಕೋಡಿಬಾಗದ ತಾರಿಗೆ ಮಧ್ಯಾಹ್ನದ ವಿಶ್ರಾಂತಿ ಬಂತು. ಇಳಿತದ ಹೊತ್ತು ಬದಲಾಗುತ್ತದೆ ಎಂಬುದು ಎರಡೂ ದಂಡೆಯ ಕೂಸುಗಳಿಗೂ ಗೊತ್ತಿತ್ತು. ಹೊಳೆ ತುಂಬಿ ದಡ ಮೀರುವ ಭರತಿಯ ದಿನವೂ ಜನ ನೀರಿನ ಕಡೆ ನೋಡಿ, ಇಳಿತ ಬಹಳ ಇದೆ ಎಂದು ಗಂಭೀರವಾಗಿ ತಲೆಯಾಡಿಸಿ ಮರದ ನೆರಳಿಗೆ ಹೋಗಿ ಕೂರುತ್ತಿದ್ದರು. ಮೊದಮೊದಲು ಗೊಣಗಿದ ದತ್ತಾಶೇಟರೂ ಆಮೇಲಾಮೇಲೆ ಒಂದು ಚಾಪೆ ತರಿಸಿಟ್ಟುಕೊಂಡರು. ಆ ತಾಸಿನಲ್ಲಿ ಹೊನ್ನೆ ಮರದ ಕೆಳಗೆ ಎಷ್ಟೋ ಸಂಬಂಧಗಳು ಕುದುರಿದವು, ಎಷ್ಟೋ ವ್ಯಾಜ್ಯಗಳು ಕೋರ್ಟು ಮುಟ್ಟದೆ ಹರಿದವು. ಮಾಬ್ಲ ಪೇಪರನ್ನು ಅಲ್ಲಿಗೇ ತಂದು ಓದತೊಡಗಿದ. ಬೊಮ್ಮನಿಗೆ ಮೊದಲ ಕೆಲವು ದಿನ ನಿದ್ದೆ ಹತ್ತಲಿಲ್ಲ, ಮಲಗಿದಲ್ಲೇ ಕೈ ಹುಟ್ಟು ಹಾಕುತ್ತಿತ್ತು. ಒಂದು ದಿನ ಅದೂ ನಿಂತಿತು.

ಮಳೆಗಾಲಕ್ಕೆ ಇನ್ನೇನು ಕೆಲವೇ ದಿನವಿರುವಾಗ ಶೆಟಗೇರಿಯಿಂದ ಸೋಮಿ ಬಂದಳು. ಗಂಡನಿಲ್ಲದ ಮನೆಯಲ್ಲಿ ಗದ್ದೆಗೆ ಸೊಪ್ಪು ಹೊತ್ತು, ಬೇಲಿ ಕಟ್ಟಿ, ದನ ನೋಡಿ, ಗಂಡನ ಮುದಿ ತಂದೆಗೆ ಊರುಗೋಲಾಗಿ, ಒಂದು ಬುಟ್ಟಿ ಈಶಾಡ ಮಾವಿನ ಹಣ್ಣು ತಲೆಯ ಮೇಲಿಟ್ಟುಕೊಂಡು ನಸುಕಿಗೇ ಹೊರಟವಳು ಮುಟ್ಟುವಾಗ ನಡುಹಗಲಾಗಿತ್ತು. ಜನ ನೆರಳಲ್ಲಿ ಕೂತಿದ್ದರು. ಗಂಡ ಕಂಬಳಿಯ ಮೇಲೆ ಗೊರೆಯುತ್ತಿದ್ದ. ಇವನನ್ನು ಯಾಕೆ ಯಾರೂ ಎಬ್ಬಿಸುವುದಿಲ್ಲ ಎಂದು ಅವಳು ಕೇಳಿದಳು. ಇದು ಇವನ ವಿಶ್ರಾಂತಿಯ ತಾಸು, ಸರಕಾರದ ಹುಕುಮು ಎಂದು ಕಮಲಿ ತಿಳಿಸಿ ಹೇಳಿದಳು. ಸೋಮಿ ಅರ್ಥವಾಗದವಳಂತೆ ಅವಳ ಮುಖ ನೋಡಿದಳು. ಆಮೇಲೆ ಬುಟ್ಟಿ ಇಳಿಸಿ, ಮರದ ಬೇರಿಗೊರಗಿ ಕಾಲು ನೀಡಿದಳು. ಕೊರಳಿನ ಮಣಿಸರ ಸರಿಮಾಡಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು.

ಹುಲಿಯಾ ಎದ್ದಾಗ ಪಕ್ಕದಲ್ಲಿ ಹೆಂಡತಿ ಮಲಗಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಗಲು ಬೆಳಕಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಮಲಗಿದ ಮುಖ ಅವನಿಗೆ ಹೊಸದಾಗಿ ಕಂಡಿತು. ಬುಟ್ಟಿ ಹೊರಲು ತಲೆಗಿಟ್ಟ ಸಿಂಬಿಯನ್ನು ತೆಗೆಯಲೂ ಮರೆತಿದ್ದಳು.

ತಾಸು ಮುಗಿದು ಜನ ಆಗಲೇ ದೋಣಿ ಹತ್ತಿದ್ದರು. ಬೊಮ್ಮ ಹುಟ್ಟು ಹಿಡಿದು ಕಾಯುತ್ತಿದ್ದ. ದತ್ತಾಶೇಟರು ಚಾಪೆ ಸುತ್ತುತ್ತ, ಹೊತ್ತಾಯಿತು, ಹೊರಡು ಎಂದು ಗಟ್ಟಿಯಾಗಿ ಕೂಗಿದರು.

ಹುಲಿಯಾ ತುಟಿಯ ಮೇಲೆ ಬೆರಳಿಟ್ಟ.

"ಕೂಗ್ಬೇಡಿ ಶೇಟ್ರೆ," ಎಂದ ಮೆತ್ತಗೆ. "ಇವಳ ತಾಸು ಈಗ ಸುರುವಾಗದೆ."

ದತ್ತಾಶೇಟರು ಚಾಪೆ ಹಿಡಿದುಕೊಂಡು ನಿಂತರು. ಮೊದಲು ಕಮಲಿ ಇಳಿದಳು. ಅವಳ ಹಿಂದೆ ದೋಣಿಯಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ, ನೀರಿನ ಸದ್ದೂ ಆಗದಂತೆ ಕಾಲೂರಿ, ಮತ್ತೆ ದಂಡೆಗೆ ಬಂದು ಕೂತರು.